ಮನೆಗೊಬ್ಬರ ಕರೆಯ

ದಿನಕರ ಹೆಗಡೆ ಟೆಂಪೋದಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಶಿರಸಿಯಿಂದ ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಎಂಟು ತಾಸಿನ ದಾರಿ. ಅಷ್ಟು ಹೊತ್ತು ಸುಮ್ಮನಿರುವ ಜೀವವೇ ಅದಲ್ಲ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಆರು ಮನೆಗಳಿಂದ ಏಳು ಮಂದಿ ವಿಯೆಟ್ನಾಮಿನ ಕಾಳುಮೆಣಸಿನ ತೋಟ ನೋಡಲು ಹೊರಟಿದ್ದರು. ಆರು ಮಂದಿ ಬೆಳೆಗಾರರು, ದಿನಕರನೊಬ್ಬ ವ್ಯಾಪಾರಿ. ಆ ಆರರಲ್ಲಿ ಅವನ ಹೆಂಡತಿ ಸೀತಾ ಸಹ ಒಬ್ಬಳು. ತೋಟ ಅವಳ ಹೆಸರಿನಲ್ಲಿತ್ತು. ವ್ಯಾಪಾರಕ್ಕೆಂದು ದೇಶ ದೇಶ ಹಾರಿ ದಿನಕರ ಹಲವು ವಿಮಾನ ಕಂಪನಿಗಳು ಸೇರಿ ಕಟ್ಟಿಕೊಂಡ ಒಂದು ಕೂಟದ ಬಂಗಾರದ ಕಾರ್ಡು ಸಂಪಾದಿಸಿದ್ದ. ಅದನ್ನು ತೋರಿಸಿದರೆ ನಿಲ್ದಾಣದ ಲೌಂಜಿನಲ್ಲಿ ಮೆತ್ತನೆಯ ಕುರ್ಚಿ, ಸಾಕೆನ್ನುವಷ್ಟು ಊಟ. ಜೊತೆಗೆ ಒಬ್ಬರನ್ನು ಕರೆದೊಯ್ಯಬಹುದು. ಆ ಒಬ್ಬಳು ನೀನೇ ಎಂದು ಸೀತಾಗೆ ಮಾತು ಕೊಟ್ಟು ಎಂಟು ವರ್ಷವಾಗಿತ್ತು. ಇವತ್ತು ಅವಳು ಅದಕ್ಕೆಂದೇ ಹೊಸ ಸೀರೆ ಉಟ್ಟಿದ್ದಳು.

"ಲೌಂಜ್ ಇಪ್ಪಕಾದ್ರೆ ಬುತ್ತಿ ಎಂತಕ್ಕೆ?" ಎಂದು ಅವಳು ಕಟ್ಟಿದ್ದ ಚಪಾತಿಯನ್ನೂ ಮನೆಯಲ್ಲೇ ಬಿಡಿಸಿದ್ದ ಪುಣ್ಯಾತ್ಮ.

ಹಾವೇರಿ ದಾಟುವಷ್ಟರಲ್ಲಿ ದಿನಕರನ ಮಾತು ಶುರುವಾಯಿತು. "ವಿಮಾನದವರದ್ದು ಮೂರು ದೊಡ್ಡ ಕೂಟ. ಒಂದನೇ ಕೂಟದ ಲೌಂಜು ಅಂದ್ರೆ ಮದುವೆ ಮನೆ. ಬಡಿಸ್ತಾನೇ ಇರ್ತಾರೆ. ಎರಡನೇದು ಉಪನಯನ, ಅಡ್ಡಿಲ್ಲ, ಸಿಹಿ ಮಾತ್ರ ಎರಡೇ. ಮೂರನೇದು ತಿಥಿ ಊಟ. ವಡೆ ಚೊಲೋ ಇರ್ತದೆ, ಆದ್ರೆ ಯಾರೂ ನಗೂದಿಲ್ಲ!"

"ನಿಮ್ದು ಯಾವ್ದ್ರಾ?" ಮತ್ತಿಘಟ್ಟದ ಕೆರಿಯಪ್ಪ ಕೇಳಿದ.

"ಮದುವೆ ಮನೆ!"

"ನಮ್ನೂ ಒಳಗೆ ಬಿಡ್ತಾರನ್ರಾ?"

"ಕಾರ್ಡಿಗೆ ಒಬ್ಬರನ್ನ ಕರೀಬಹುದು."

ಟೆಂಪೋಕ್ಕೆ ಟೆಂಪೋವೇ ಹಿಗ್ಗಿತು. ನಮ್ಮ ಕಡೆ ಊಟದ ಆಮಂತ್ರಣಕ್ಕೆ ಕರೆಯ ಎನ್ನುತ್ತಾರೆ, ಅದು ಎರಡೇ ಬಗೆ: ಮನೆಮಂದಿಗೆಲ್ಲ, ಇಲ್ಲವೇ ಮನೆಗೊಬ್ಬರಿಗೆ. ಒಂದು ಮನೆ ಕರೆದು ಪಕ್ಕದ ಮನೆ ಬಿಟ್ಟರೆ ಅದು ಊಟವಲ್ಲ, ಏಳು ವರ್ಷದ ಮುನಿಸು.

"ನಮ್ಮನೆಯಿಂದ ನಾನೊಬ್ಳೇ ಬಂದದ್ದು, ಸರೀ ಆತು" ಎಂದು ಸಿದ್ದಾಪುರದ ಚೌಡಮ್ಮ ದಿನಕರನ ಕೈಗೆ ಒಂದು ಚಿಕ್ಕು ಹಣ್ಣಿಟ್ಟಳು. "ನಿಮ್ಮ ಹೊಟ್ಟೆ ತಣ್ಣಗಿರ್ಲಿ."

ಅಲ್ಲಮ್ಮಾ, ಎಲ್ಲ ಸೇರಿ ಒಬ್ಬರು ಎನ್ನಲು ದಿನಕರ ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು. ಹಾಳು ದಾಕ್ಷಿಣ್ಯ!

"ಹಂಗಾರೆ ಯಾನು?" ಸೀತಾ ತನ್ನತ್ತ ಬೆರಳು ತೋರಿ ಮೆಲ್ಲಗೆ ಕೇಳಿದಳು.

"ಎಂತಾದ್ರೂ ಮಾಡ್ತೆ, ಸುಮ್ನಿರು."

ಅವಳು ಕಿಟಕಿಯತ್ತ ತಿರುಗಿದಳು. ದಿನಕರನಿಗೆ ನಿಜಕ್ಕೂ ಸಂಕಟವಾಯಿತು.

ಚಿತ್ರದುರ್ಗದಲ್ಲಿ ಊಟಕ್ಕೆ ನಿಲ್ಲಿಸಿದರೆ ಒಬ್ಬರೂ ಇಳಿಯಲಿಲ್ಲ. "ಮದುವೆ ಊಟಕ್ಕೆ ಹೊಂಟವ್ರು ದಾರಿ ಮೇಲೆ ತಿಂತಾರನ್ರಾ?" ಎಂದ ಕೆರಿಯಪ್ಪ. ಯಲ್ಲಾಪುರದ ಸಂದೇಶ ಕೈಯಲ್ಲಿದ್ದ ಶೇಂಗಾವನ್ನೂ ಪೊಟ್ಟಣ ಕಟ್ಟಿಟ್ಟ. ತುಮಕೂರಿನ ಹತ್ತಿರ ಚೌಡಮ್ಮ, "ಪಾಯ್ಸ ಇರ್ತದಾ?" ಎಂದಳು. "ಇರ್ತದೆ" ಎಂದ ದಿನಕರ. ಮುಳುಗಿದವನಿಗೆ ಚಳಿಯೇನು!

ಲೌಂಜಿನ ಬಾಗಿಲಲ್ಲಿ ಚೌಡಮ್ಮ ಚಪ್ಪಲಿ ಕಳಚಿಟ್ಟಳು. ಊಟದ ಮನೆಯಲ್ಲವೇ, ಎಲ್ಲರೂ ಕಳಚಿದರು. ಮೇಜಿನ ಹಿಂದಿನ ಹುಡುಗಿ ಬಂಗಾರದ ಕಾರ್ಡು ನೋಡಿದಳು, ಟಿಕೆಟ್ಟು ನೋಡಿದಳು.

"ಸರ್, ಇದು ನಡೆಯಲ್ಲ. ಕಾರ್ಡು ಒಂದು ಕೂಟದ್ದು, ನಿಮ್ಮ ವಿಮಾನ ಇನ್ನೊಂದು ಕೂಟದ್ದು."

ಟಿಕೆಟ್ಟು ತೆಗೆಸಿದವನು ದಿನಕರನೇ. ಮೂರೂ ಕೂಟಗಳ ಗುಣದೋಷ ಬಿಡಿಸಿ ಹೇಳಿದ ಮಹಾನುಭಾವ ತಾನು ಹತ್ತುವ ವಿಮಾನ ಯಾವುದರದ್ದೆಂದು ನೋಡಿರಲಿಲ್ಲ. ಮದುವೆ ಕಾಗದ ಹಿಡಿದು ತಿಥಿ ಮನೆಗೆ ಬಂದಂತಾಗಿತ್ತು.

"ಹಸಿದು ಕಣ್ಣು ಕತ್ಲೆ ಬರ್ತೈತಲ್ರಾ" ಎಂದು ಕೆರಿಯಪ್ಪ ಮಾತ್ರೆಗಾಗಿ ಕಿಸೆ ತಡಕಿದ. ಬ್ಯಾಂಕಿನ ಕಾರ್ಡೊಂದು ಕೆಳಗೆ ಬಿತ್ತು.

"ಅಜ್ಜ, ಅದು ಕೊಡಿ" ಎಂದಳು ಹುಡುಗಿ. ಯಂತ್ರ ಕುಂಯ್ ಎಂದಿತು. "ಬನ್ನಿ ಒಳಗೆ. ಇದಕ್ಕೆ ಕೂಟಗೀಟ ಏನೂ ಬೇಡ."

ಹೋದ ವರ್ಷ ಬ್ಯಾಂಕಿನವರು ಬೆಳೆಗಾರರಿಗೆಲ್ಲ ಹಂಚಿದ್ದ ಕಾರ್ಡು! ಚೌಡಮ್ಮ ತೆಗೆದಳು, ಸಂದೇಶ ತೆಗೆದ, ಸೀತಾಳೂ ತೆಗೆದಳು. ವ್ಯಾಪಾರಿ ದಿನಕರನ ಹತ್ತಿರ ಮಾತ್ರ ಇರಲಿಲ್ಲ.

"ನಿಂಗ?" ಸೀತಾ ನಿಂತಳು.

"ಹೋಗು ಮಾರಾಯ್ತಿ. ಎಂಟು ವರ್ಷ ಆತು." ಅದನ್ನವನು ಮನಸಾರೆ ಹೇಳಿದ.

ಮುಕ್ಕಾಲು ತಾಸು ದಿನಕರ ಆರು ಜೊತೆ ಚಪ್ಪಲಿ ಕಾಯುತ್ತ, ಅಪ್ಪಚ್ಚಿಯಾದ ಚಿಕ್ಕು ತಿನ್ನುತ್ತ ಕೂತ.

ಎಲ್ಲರೂ ತೇಗುತ್ತ ಹೊರಬಂದರು. "ನಿಂಗಳ ಬಿಟ್ಟು ಪಾಯಸ ಗಂಟಲಲ್ಲಿ ಇಳದ್ದಿಲ್ಲೆ" ಎಂದಳು ಸೀತಾ.

"ಎಷ್ಟು ಸಲ ಹಾಕ್ಸ್ಕಂಡೆ?"

"ಮೂರು."

ಕೆರಿಯಪ್ಪ ಚಪ್ಪಲಿ ಮೆಟ್ಟುತ್ತ ಅಭಿಮಾನದಿಂದ ದಿನಕರನ ಹೆಗಲು ತಟ್ಟಿದ. "ಆ ಹುಡುಗಿ ಬಂದು, 'ಅಜ್ಜ, ನಿಮ್ಮ ಕಾರ್ಡಿಗೆ ಇನ್ನೊಬ್ರು ಬರಬಹುದು, ಹೊರಗೆ ಕೂತವ್ರನ್ನ ಕರೀಲಾ' ಅಂತು ಹೆಗ್ಡೇರೆ. ನಾನು ಬ್ಯಾಡ ಅಂದೆ. ಮನೆಗೊಬ್ಬರ ಕರೆಯ, ನಿಮ್ಮನೆಯಿಂದ ಅಮ್ಮೋರು ಬಂದಾಗೈತಿ. ಒಂದೇ ಮನೆಯಿಂದ ಇಬ್ರು ಉಂಡ್ರು ಅಂತ ನಾಳೆ ನಿಮ್ಗೆ ಯಾರೂ ಅನ್ನಬಾರ್ದು ನೋಡಿ!"