ದಿನಕ್ಕೆ ಎಂಟುನೂರು ಬೀಡಿ ಕಟ್ಟುವ ನನ್ನ ಬಲಗೈ

ಅರ್ಹರು ಯಾರು, ಅನರ್ಹರು ಯಾರು ಎಂದು ಕೂತಲ್ಲೇ ತೀರ್ಮಾನಿಸುವ ಸರಕಾರಿ ಕಂಪ್ಯೂಟರ್ ಮಹಾಶಯರಿಗೆ,

ವಿಷಯ: ಮಾಸಾಶನದವರಿಗೆ ಒಂದೇ ಸಲ ಕೊಡುವ ಐದು ಸಾವಿರ ರೂಪಾಯಿ ಉತ್ತೇಜನ ಧನವನ್ನು ನನಗೆ ಕೊಡದೆ ಇದ್ದುದಕ್ಕಾಗಿ ಕೃತಜ್ಞತೆ.

ಮಾನ್ಯರೇ,

ಬಂಟ್ವಾಳ ತಾಲೂಕಿನ ನರಿಕೊಂಬಿನಿಂದ ಅರುವತ್ತಮೂರು ವರ್ಷದ ಲೋಲಾಕ್ಷಿ ಎಂಬವಳು ತಮಗೆ ಒಂದೇ ಕೈಯಲ್ಲಿ ಮಾಡುವ ನಮಸ್ಕಾರಗಳು. ದೊಡ್ಡವರಿಗೆ ಎರಡೂ ಕೈ ಜೋಡಿಸಬೇಕೆಂಬ ಮರ್ಯಾದೆ ನನಗೆ ಗೊತ್ತಿಲ್ಲದೆ ಅಲ್ಲ. ಆದರೆ ನನ್ನ ಬಲಗೈ ತಮ್ಮ ದಾಖಲೆಯಲ್ಲಿ ಬಿಡುವಿಲ್ಲದೆ ದುಡಿಯುತ್ತಿರುವುದಾಗಿ ತಿಳಿದುಬಂದದ್ದರಿಂದ ಅದನ್ನು ಕೆಲಸ ಬಿಡಿಸಿ ಕರೆಯುವ ಧೈರ್ಯವಾಗಲಿಲ್ಲ. ಈ ಪತ್ರವನ್ನೂ ಎಡಗೈಯಲ್ಲೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಬೇಕು.

ತಮ್ಮನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಆರು ವರ್ಷದ ಹಿಂದೆ ಪಾರ್ಶ್ವವಾಯು ಬಡಿದು ನನ್ನ ಬಲಗೈ ಬಿದ್ದುಹೋದಾಗ ಮಂಗಳೂರಿನ ದೊಡ್ಡ ಡಾಕ್ಟರು ಹದಿನೈದು ದಿನ ಮಲಗಿಸಿ ನೋಡಿ 'ಇನ್ನು ಇಷ್ಟೇ' ಎಂದರು, ಬೆಳ್ತಂಗಡಿಯ ಪಂಡಿತರೊಬ್ಬರು ಮೂರು ತಿಂಗಳು ಎಣ್ಣೆ ತಿಕ್ಕಿ ನನ್ನ ಇದ್ದಬದ್ದ ಸೀರೆಗಳನ್ನೆಲ್ಲ ಹಾಳು ಮಾಡಿದರು, ಕೊನೆಗೆ ಸರಕಾರದ ಕಡೆಯವರೇ 'ಬಲಗೈ ಉಪಯೋಗಕ್ಕಿಲ್ಲ' ಎಂದು ಸೀಲು ಹೊಡೆದು ಸರ್ಟಿಫಿಕೇಟು ಕೊಟ್ಟರು, ಅದರ ಮೇಲೆ ನನಗೆ ಅಂಗವಿಕಲರ ಮಾಸಾಶನ ಬರತೊಡಗಿತು. ಇವರಾರಿಗೂ ಆಗದ್ದನ್ನು ತಾವು ನನ್ನನ್ನು ಮುಟ್ಟದೆ, ಮುಖವನ್ನೂ ನೋಡದೆ, ಅರೆ ನಿಮಿಷದಲ್ಲಿ ಮಾಡಿ ಮುಗಿಸಿದ್ದೀರಿ. ಐದು ಸಾವಿರಕ್ಕೆ ಅರ್ಜಿ ಹಾಕಲೆಂದು ನಾನು ಬಿ.ಸಿ.ರೋಡಿನ ಸೈಬರ್ ಅಂಗಡಿಗೆ ಹೋಗಿದ್ದೆ. ಅಂಗಡಿಯ ಸುಹೈಬ್ ಗುಂಡಿ ಒತ್ತಿ, ಪರದೆಯನ್ನೊಮ್ಮೆ ನನ್ನ ಕೈಯನ್ನೊಮ್ಮೆ ನೋಡಿ, "ಅಮ್ಮ, ನೀವು ಅನರ್ಹ ಅಂತ ಬರ್ತದೆ. ದಿನಕ್ಕೆ ಎಂಟುನೂರು ಬೀಡಿ ಕಟ್ತೀರಂತೆ, ಪಿ.ಎಫ್. ಕೂಡ ಉಂಟಂತೆ" ಎಂದು ಮೆಲ್ಲನೆ ಹೇಳಿದ. ನನಗಾದ ಸಂತೋಷವನ್ನು ಏನೆಂದು ಬರೆಯಲಿ! ಮನೆಗೆ ಬಂದವಳೇ ಆ ಕೈಗೆ ಒಂದು ಗ್ಲಾಸು ಚಹಾ ಕೊಟ್ಟು ನೋಡಿದೆ. ಗ್ಲಾಸು ಒಡೆಯಿತು, ನೆಲ ಒರೆಸುವ ಕೆಲಸ ಸೊಸೆಗೆ ಬಿತ್ತು.

ಈ ಸುದ್ದಿ ತಮಗೆ ಸಿಕ್ಕಿದ ದಾರಿಯೂ ನನಗೆ ಗೊತ್ತು, ಮುಚ್ಚಿಡುವುದಿಲ್ಲ. ನಮ್ಮ ಕಡೆ ಬೀಡಿ ಕಟ್ಟುವ ಮನೆಗೆ ಒಂದೇ ಪಾಸ್‌ಪುಸ್ತಕ. ಪುಸ್ತಕ ಯಾರ ಹೆಸರಿನದೋ ಅವರ ಹೆಸರಿಗೇ ಬೀಡಿ ಬ್ರಾಂಚಿನವರು ಎಲೆ, ಹೊಗೆಸೊಪ್ಪು ಕೊಡುವುದು, ಕಟ್ಟಿದ್ದನ್ನು ಬರೆದುಕೊಳ್ಳುವುದು, ಪಿ.ಎಫ್. ಹಿಡಿಯುವುದು, ಆದರೆ ಮೊರವನ್ನು ಮಡಿಲಲ್ಲಿಟ್ಟು ಕೂರುವವರು ಮನೆಯ ಹೆಂಗಸರೆಲ್ಲ. ನಮ್ಮ ಮನೆಯ ಪುಸ್ತಕ ನನ್ನ ಹೆಸರಿನದು. ಸೊಸೆ ಹರಿಣಾಕ್ಷಿ ಮದುವೆಯಾಗಿ ಬಂದು ಹನ್ನೊಂದು ವರ್ಷವಾಯಿತು. ಮೊದಲ ಐದು ವರ್ಷ ನಾವಿಬ್ಬರೂ ಎದುರುಬದುರು ಕೂತು ಕಟ್ಟಿದೆವು, ಜಗಳವನ್ನೂ ಹಾಗೆಯೇ ಮಾಡಿದೆವು, ನನ್ನ ಕೈ ಬಿದ್ದ ಮೇಲೆ ಅವಳೊಬ್ಬಳೇ ಕಟ್ಟುತ್ತಾಳೆ. ಹೆಸರು ಬದಲಿಸಬೇಕೆಂದು ನಮಗೆ ಹೊಳೆಯಲೇ ಇಲ್ಲ, ಯಾಕೆಂದರೆ ಈ ಊರಿನಲ್ಲಿ ಹಾಗೆ ಬದಲಿಸಿದವರನ್ನು ನಾವು ಕಂಡಿಲ್ಲ.

ಆ ಐದು ಸಾವಿರ ಯಾತಕ್ಕೆ ಎಂದು ತಾವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಮೂಡಬಿದಿರೆಯಲ್ಲಿ ಕೈಗೆ ವ್ಯಾಯಾಮ ಮಾಡಿಸುವ ಡಾಕ್ಟರಮ್ಮ ಒಬ್ಬರಿದ್ದಾರೆ. ಇಪ್ಪತ್ತು ದಿನ ಬಿಡದೆ ಬಂದರೆ ಎರಡು ಬೆರಳಾದರೂ ಮಡಚಲಿಕ್ಕೆ ಬಂದೀತು ಎಂದಿದ್ದಾರೆ. ಮಗ ವಸಂತ ಬಸ್ಸಿನಲ್ಲಿ ಕಂಡಕ್ಟರ್ ಆದ್ದರಿಂದ ಹೋಗಿಬರುವ ಖರ್ಚಿಲ್ಲ, ಡಾಕ್ಟರಮ್ಮನಿಗೆ ಕೊಡಲಿಕ್ಕೆ ಮಾತ್ರ ಬೇಕಿತ್ತು. ಎರಡು ಬೆರಳು ನನಗೆ ಬೀಡಿ ಕಟ್ಟಲಿಕ್ಕಲ್ಲ ಮಾರಾಯರೇ, ಸೀರೆಯ ನೆರಿಗೆ ಹಿಡಿಯಲಿಕ್ಕೆ. ಆರು ವರ್ಷದಿಂದ ದಿನಾ ಬೆಳಿಗ್ಗೆ ಸೊಸೆಯ ಎದುರು ಮಗುವಿನ ಹಾಗೆ ನಿಂತು ಸೀರೆ ಉಡಿಸಿಕೊಳ್ಳುವುದು ನನಗೆ ಬೇಸರವಾಗಿದೆ. ಅವಳು ಒಂದು ದಿನವೂ ಮುಖ ಸಿಂಡರಿಸಿದವಳಲ್ಲ, ಅದರಿಂದ ಇನ್ನೂ ಬೇಸರ. ಕೈ ಸರಿಮಾಡಲು ಕೇಳಿದ ಹಣವನ್ನು ಕೈ ಸರಿಯಿದೆ ಎಂಬ ಕಾರಣಕ್ಕೆ ತಾವು ನಿರಾಕರಿಸಿದ್ದೀರಿ, ಇಷ್ಟು ಚೊಕ್ಕ ಲೆಕ್ಕವನ್ನು ನಾನು ಏಳನೇ ಕ್ಲಾಸಿನವರೆಗೆ ಎಲ್ಲಿಯೂ ಕಲಿತಿರಲಿಲ್ಲ.

ದೂರು ಕೊಡುವ ಕಚೇರಿಗೂ ಹೋಗಿ ಮೇಲ್ಮನವಿ ಬರೆದುಕೊಟ್ಟೆ. ಅಲ್ಲಿಯ ಮೇಡಂ ಒಳ್ಳೆಯವರು, ಕುರ್ಚಿ ಕೊಟ್ಟರು. "ಪುಸ್ತಕ ನಿಮ್ಮದಲ್ಲ ಅಂತ ಬರೆದುಕೊಡಿ, ಸರಿಯಾಗ್ತದೆ" ಎಂದರು. ಹಾಗೆ ಬರೆದರೆ ಏನಾಗುತ್ತದೆಂದು ಬೀಡಿ ಬ್ರಾಂಚಿನ ಗುರುವಪ್ಪನನ್ನು ಕೇಳಿದೆ. "ಪುಸ್ತಕ ಕ್ಯಾನ್ಸಲ್ ಆಗ್ತದೆ ಲೋಲಾಕ್ಷಕ್ಕ. ಹೊಸತು ಯಾರಿಗೂ ಕೊಡುವುದಿಲ್ಲ ಈಗ. ಸುಮ್ಮನೆ ಕೂತ್ಕೊಳ್ಳುವ" ಎಂದ. ಐದು ಸಾವಿರ ಬೇಕಿದ್ದರೆ ಸೊಸೆಯ ಕೆಲಸ ಹೋಗಬೇಕು, ಸೊಸೆಯ ಕೆಲಸ ಉಳಿಯಬೇಕಿದ್ದರೆ ನನ್ನ ಕೈ ಸರಿಯಿರಬೇಕು.

ಹೀಗಿರುವುದರಿಂದ ತಮ್ಮಲ್ಲಿ ಕೆಲವು ಸಣ್ಣ ವಿನಂತಿಗಳಿವೆ. ತಮ್ಮ ಬಳಿ ಇರುವ ನನ್ನ ಕೈಯನ್ನು ಭಾನುವಾರಗಳಂದಾದರೂ ಮನೆಗೆ ಕಳುಹಿಸಿಕೊಡಬೇಕು, ಅಂದು ಬೀಡಿ ಬ್ರಾಂಚಿಗೂ ರಜೆ. ಅದು ಆಗದಿದ್ದರೆ, ಎಂಟುನೂರು ಕಟ್ಟಿದ ಮೇಲೆ ಆ ಕೈಗೆ ಬೆನ್ನು ತುರಿಸುವಷ್ಟು ಶಕ್ತಿ ಉಳಿಯುತ್ತದೆಯೇ ಎಂಬುದನ್ನಾದರೂ ತಿಳಿಸಬೇಕು. ಮತ್ತು, ಹರಿಣಾಕ್ಷಿ ಎಂಬವಳು ತಮ್ಮಲ್ಲಿ ಎಲ್ಲಿದ್ದಾಳೆಂದು ದಯವಿಟ್ಟು ಹುಡುಕಿಸಬೇಕು. ಮಾಸಾಶನವಿಲ್ಲದೆ ದುಡಿಯುವವರಿಗೂ ಇದೇ ಉತ್ತೇಜನ ಧನ ಉಂಟೆಂದು ಸುಹೈಬ್ ಅವಳ ಹೆಸರು ಹಾಕಿ ನೋಡಿದ. 'ಗೃಹಿಣಿ, ದುಡಿದ ದಾಖಲೆಯಿಲ್ಲ, ಅನರ್ಹ' ಎಂದು ಬಂತು. ಅವಳ ಹೆಬ್ಬೆರಳ ಪಕ್ಕ ಕತ್ತರಿ ತಾಗಿ ತಾಗಿ ಕಪ್ಪು ಜಡ್ಡುಗಟ್ಟಿದೆ, ಅದನ್ನು ಅಪ್‌ಲೋಡ್ ಮಾಡುವ ಜಾಗ ಮಾತ್ರ ಆ ಅರ್ಜಿಯಲ್ಲಿ ಇರಲಿಲ್ಲ.

ಇಲ್ಲಿಯವರೆಗೆ ಬರೆದದ್ದು ಮಂಗಳವಾರ. ಇವತ್ತು ಗುರುವಾರ, ಮೊಬೈಲಿಗೆ ತಮ್ಮ ಎರಡನೆಯ ಸಂದೇಶ ಬಂದಿದೆ. ಮೇಲ್ಮನವಿ ಪರಿಶೀಲಿಸಲಾಗಿದೆ, ಅರ್ಜಿದಾರರು ಉದ್ಯೋಗದಲ್ಲಿರುವುದು ದೃಢಪಟ್ಟಿದೆ, ಆದ್ದರಿಂದ ಮಾಸಾಶನವನ್ನೂ ಈ ತಿಂಗಳಿನಿಂದ ನಿಲ್ಲಿಸಿ, ಆರು ವರ್ಷದಲ್ಲಿ ಕೊಟ್ಟದ್ದನ್ನು ವಸೂಲಿ ಮಾಡಲಾಗುವುದು ಎಂದಿದೆ. ಮಾನ್ಯರೇ, ಓದಿ ನನಗೆ ಹೆದರಿಕೆಯಾಯಿತು. ಮಾತ್ರೆಗೆಂದು ನಾನು ಯಾರ ಎದುರೂ ಕೈಚಾಚದೆ ಇದ್ದದ್ದು ಆ ಮಾಸಾಶನದಿಂದ. ಪುಸ್ತಕದ ವಿಷಯ ಬಾಯಿ ಬಿಡುವುದು ಬೇಡ, ಹೇಗಾದರೂ ತೀರಿಸುವ ಎಂದು ನಾನೇ ಹೇಳಿದೆ. ಹರಿಣಾಕ್ಷಿ ಮೊರ ಕೆಳಗಿಟ್ಟಳು. "ಕಟ್ಟಿದ್ದು ನಾನಲ್ವಾ ಮಾಮಿ? ಹಾಗಂತ ಬರೀರಿ. ಪುಸ್ತಕ ಹೋದ್ರೆ ಹೋಗ್ಲಿ, ನಿಮ್ಮನ್ನು ಕಳ್ಳಿ ಅಂತ ಹೇಳುವುದು ಬೇಡ" ಎಂದಳು. ಹನ್ನೊಂದು ವರ್ಷದಲ್ಲಿ ಅವಳು ನನ್ನ ಮಾತು ಮೀರಿದ್ದು ಅದೇ ಮೊದಲು. ನಾನು ಅತ್ತೆ, ಆದರೂ ಅತ್ತುಬಿಟ್ಟೆ.

ಆದ್ದರಿಂದ ಬರೆಯುತ್ತಿದ್ದೇನೆ: ಈ ಆರು ವರ್ಷದಲ್ಲಿ ನನ್ನ ಹೆಸರಿನಲ್ಲಿ ಕಟ್ಟಿದ ಬೀಡಿಗಳಲ್ಲಿ ಒಂದನ್ನೂ ನಾನು ಕಟ್ಟಿಲ್ಲ, ಎಲ್ಲವನ್ನೂ ಕಟ್ಟಿದವಳು ನನ್ನ ಸೊಸೆ. ಇದರಿಂದ ಏನೇನು ಹೋಗುತ್ತದೆಂದು ತಿಳಿದೇ, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ, ನರಿಕೊಂಬಿನವರೆಲ್ಲ ಓದಲಿ ಎಂದು ಬಹಿರಂಗವಾಗಿ ಬರೆದಿದ್ದೇನೆ.

ಇನ್ನೂ ಕೆಲಸಕ್ಕೆ ಸೇರದ ಒಂದು ಕೈಯ, ತಮ್ಮ ವಿಶ್ವಾಸಿ,
ಲೋಲಾಕ್ಷಿ
(ಎಡಗೈ ರುಜು)

ವಿ.ಸೂ.: ವಸೂಲಿಯ ನೋಟಿಸನ್ನು ದುಡಿದವರ ಹೆಸರಿಗೇ ಕಳುಹಿಸಬೇಕಾಗಿ ಪ್ರಾರ್ಥನೆ. ವಿಳಾಸ: ಹರಿಣಾಕ್ಷಿ, ಬೀಡಿ ಕಾರ್ಮಿಕೆ, ನರಿಕೊಂಬು. 'ಬೀಡಿ ಕಾರ್ಮಿಕೆ' ಎಂಬುದನ್ನು ದಯವಿಟ್ಟು ಬಿಡಬೇಡಿ, ಸೀಲು ಸ್ಪಷ್ಟವಾಗಿ ಬೀಳಲಿ. ಅವಳು ದುಡಿದಿದ್ದಾಳೆಂದು ಸರಕಾರ ಬರೆದುಕೊಡುವ ಮೊದಲ ಕಾಗದ ಅದು. ಅದನ್ನೇ ಲಗತ್ತಿಸಿ ದುಡಿಯುವವರ ಐದು ಸಾವಿರಕ್ಕೆ ಅರ್ಜಿ ಹಾಕಲಿಕ್ಕಿದ್ದೇವೆ.