ಪತ್ತೇದಾರ ರುದ್ರಮುನಿಯೂ ನನ್ನ ಮೌನವ್ರತವೂ

ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಹಣೆಗೆ ವಿಭೂತಿ ಹಚ್ಚಿಕೊಳ್ಳದೆ ನಾನು ಚಹಾದ ಕಪ್ಪು ಮುಟ್ಟಿದವಳಲ್ಲ. ಜ್ವರ ಬಂದಾಗಲೂ ಇಲ್ಲ, ಮಗಳ ಮದುವೆಯ ದಿನವೂ ಇಲ್ಲ. ಶ್ರಾವಣ ಬಂದರೆ ಇದರ ಮೇಲೆ ಸೋಮವಾರದ ಮೌನವ್ರತ ಬೇರೆ. ಸಂಜೆಯ ಪೂಜೆಯವರೆಗೆ ಮಾತಿಲ್ಲ. (ಈ ವ್ರತವನ್ನು ನನಗಿಂತ ಹೆಚ್ಚು ಭಕ್ತಿಯಿಂದ ಎದುರು ನೋಡುವವರು ನಮ್ಮ ಯಜಮಾನರು.)

ಇಂಥವಳಿಗೂ ಒಂದು ಚಟವಿದೆ: ಪತ್ತೇದಾರ ರುದ್ರಮುನಿಯ ಕಾದಂಬರಿಗಳು. ತವರೂರು ಮುಕ್ಕುಂದದ ಶಾಲೆಯನ್ನು ಬೇಗ ಬಿಟ್ಟವಳು ನಾನು. ಅಕ್ಷರ ಗಟ್ಟಿಯಾದದ್ದು ಮದುವೆಯಾಗಿ ಸಿಂಧನೂರಿಗೆ ಬಂದ ಮೇಲೆ, ಆ ಪುಸ್ತಕಗಳ ಕೊಲೆಗಳಿಂದಲೇ. 'ಮರಣೋತ್ತರ ಪರೀಕ್ಷೆ' ಎಂಬುದನ್ನು ತಡವರಿಸದೆ ಓದಿದ ದಿನ ಖುಷಿಗೆ ದೇವರಿಗೆ ಕಾಯಿ ಒಡೆಸಿದ್ದೆ! ಆಗ ಬಸ್ ಸ್ಟ್ಯಾಂಡಿನ ಹತ್ತಿರ ಬಾಡಿಗೆ ಪುಸ್ತಕದ ಅಂಗಡಿ ಇತ್ತು. ಯಜಮಾನರು ತಂದ ಒಂದು ಪುಸ್ತಕ ಇಡೀ ಓಣಿ ಸುತ್ತಿ, ಒಂದು ಪುಟಕ್ಕೆ ಅರಿಶಿನ, ಇನ್ನೊಂದಕ್ಕೆ ಅತ್ತರು ಹತ್ತಿಸಿಕೊಂಡು ಮರಳುತ್ತಿತ್ತು. ಅಕ್ಕಿ ಆರಿಸುತ್ತ ನಾವು ಹೆಂಗಸರು ಯಾರನ್ನು ಜೈಲಿಗೆ ಹಾಕಬೇಕೆಂದು ತೀರ್ಪು ಕೊಡುತ್ತಿದ್ದೆವು. ಆ ಅಂಗಡಿಯಲ್ಲಿ ಈಗ ಮೊಬೈಲ್ ರಿಪೇರಿ ಮಾಡುತ್ತಾರೆ.

ಹೋದ ಶ್ರಾವಣದಲ್ಲಿ ಸರಣಿಯ ಕಟ್ಟಕಡೆಯ ಪುಸ್ತಕ ಬಂತು. ಯಜಮಾನರು ಲಿಂಗಸುಗೂರಿನಿಂದ ತಂದು ತಾವೇ ಮೊದಲು ಓದಿದರು. ಆಮೇಲೆ ಮಸ್ಕಿಯಿಂದ ಬಂದಿದ್ದ ಅವರ ಅಕ್ಕ ಸಂಗಮ್ಮ, ಆಮೇಲೆ ಪಕ್ಕದ ಮನೆಯ ಗುಲ್ಷನ್‌ಬೀ. ನನ್ನ ಸರದಿ ಬಂದದ್ದು ಸೋಮವಾರ. ಅದರಲ್ಲಿ ಕೊಲೆಯಾಗುವ ದೇಸಾಯಿಯನ್ನು ಕೊಂದವರು ಯಾರೆಂದು ಈ ಸಲ ನಾನಾಗಿಯೇ ಕಂಡುಹಿಡಿಯಬೇಕೆಂದು ಹಟ ತೊಟ್ಟೆ. ಇಷ್ಟು ವರ್ಷ ರುದ್ರಮುನಿಯ ಶಿಷ್ಯೆಯಾಗಿದ್ದವಳು ಕೊನೆಯ ಪರೀಕ್ಷೆಯಲ್ಲಿ ಕಾಪಿ ಹೊಡೆಯಬಾರದಲ್ಲ!

ಕೊನೆಯ ಅಧ್ಯಾಯ ತೆರೆಯುವ ಹೊತ್ತಿಗೆ ಮೂವರೂ ನಾನು ಕೂತಿದ್ದ ಪಡಸಾಲೆಯಲ್ಲೇ ಚಹಾಕ್ಕೆ ಕೂಡಿದರು.

"ಮೊದ್ಲಿನ ರುದ್ರಮುನಿ ಎಲ್ಲಿ, ಈಗಿನಾಂವ ಎಲ್ಲಿ! ಮೊಬೈಲ್ ನೋಡಿ ಕಳ್ಳನ್ನ ಹಿಡಿತಾನ. ಅದೂ ಒಂದ್ ಪತ್ತೇದಾರಿ ಏನು?" ಎಂದರು ಯಜಮಾನರು.

"ಮತ್ತ ಮುಪ್ಪಿನಾಗ ಗ್ವಾಡಿ ಹಾರ್ಬೇಕೇನ್ರಿ ಅಣ್ಣಾರ? ನನಗ ಇದಾ ಪಸಂದ್. ಕಣ್ಣಾಗ ನೀರು ಬಂದ್ವು," ಎಂದಳು ಗುಲ್ಷನ್‌ಬೀ.

"ಆಂವ ಮದಿವಿ ಆಗಲಾರದಕ್ಕ ಕೆಟ್ಟ," ಎಂದರು ಸಂಗಮ್ಮ. "ಮನ್ಯಾಗ ಹೆಂಡ್ತಿ ಇದ್ದಿದ್ರ ಎಲ್ಲಾ ಕೊಲಿನೂ ಮುಂಜಾನಿ ನಾಷ್ಟಾದಾಗ ಪತ್ತೆ ಹಚ್ತಿದ್ಲು."

ನಾನು ಕಿವಿ ಮುಚ್ಚಿಕೊಂಡೆ.

"ಆಕಿಗೆ ಕೇಳಿಸವಲ್ದಂತ. ಜೋರಾಗಿ ಹೇಳ್ರಿ!" ಎಂದರು ಸಂಗಮ್ಮ.

ನಾನು ಕೈ ಮುಗಿದೆ.

"ನೋಡ್ರಿ, ರುದ್ರಮುನಿ ಅಂದ್ರ ಅಕ್ಕ ಹೆಂಗ ಕೈ ಮುಗಿತಾಳ!" ಎಂದಳು ಗುಲ್ಷನ್‌ಬೀ.

ಪುಸ್ತಕ ಎತ್ತಿಕೊಂಡು ಒಳಗೆ ನಡೆದೆ. ಮೂವರೂ ವಾದ ಮಾಡುತ್ತ ನನ್ನ ಹಿಂದೆಯೇ ಬಂದರು. (ಕೇಳುವವಳಿಲ್ಲದೆ ನಮ್ಮ ಮನೆಯ ಜಗಳಕ್ಕೆ ಕಳೆ ಬರುವುದಿಲ್ಲ. ನನ್ನ ತಾಳ್ಮೆಯ ಕೀರ್ತಿ ಮಸ್ಕಿಯವರೆಗೂ ಹಬ್ಬಿದೆ.)

"ಅಲ್ಲಬೇ, ನೀನಾ ಹೇಳು," ಎಂದು ಯಜಮಾನರು ನನ್ನ ಕಡೆ ತಿರುಗಿ ದನಿ ಏರಿಸಿದರು. "ದೇಸಾಯಿ ಜೀವದ ಗೆಳೆಯ, ಆ ಡಾಕ್ಟ್ರು..."

"ಹೇಳಬ್ಯಾಡ್ರೀ!" ಎಂದು ಚೀರಿಬಿಟ್ಟೆ.

"...ಕೊಲ್ತಾನಂದ್ರ ಯಾರರ ನಂಬ್ತಾರೇನು?" ಎಂದು ಅವರು ಮುಗಿಸಿಯೇಬಿಟ್ಟರು.

ವ್ರತವೂ ಕೆಟ್ಟಿತು, ಕೊಲೆಗಾರನೂ ಕೈತಪ್ಪಿದ. ಅದಕ್ಕಿಂತ ದೊಡ್ಡ ಅವಮಾನ ಬೇರೆ: ಕೊಲೆ ಮಾಡಿದವಳೆಂದು ನಾನು ಪಕ್ಕಾ ಮಾಡಿಕೊಂಡಿದ್ದು ದೇಸಾಯಿಯ ತಂಗಿಯನ್ನು. ಪಾಪ, ಆ ಹೆಣ್ಣುಮಗಳು! ಮನಸ್ಸಿನಲ್ಲೇ ಅವಳಿಗೆ ತಪ್ಪಾಯಿತೆಂದೆ.

ಯಜಮಾನರ ಮುಖ ಸಣ್ಣಗಾಯಿತು. "ತಪ್ಪಾತು. ಬರೋ ಸೋಮವಾರ ನಿನ್ನ ಬದ್ಲಿ ನಾ ಮೌನ ಇರ್ತೀನಿ. ಸಂಜಿತನ ಒಂದ್ ಮಾತೂ ಆಡಾಂಗಿಲ್ಲ."

ಸಂಗಮ್ಮ, ಗುಲ್ಷನ್‌ಬೀ ಇಬ್ಬರೂ ಒಪ್ಪು ಎಂದು ನನಗೆ ಕಣ್ಸನ್ನೆ ಮಾಡಿದರು. ಎಂಥ ವರ! ಆದರೆ ರುದ್ರಮುನಿಯ ಹೊಸ ಪುಸ್ತಕ ಇನ್ನು ಬರುವುದಿಲ್ಲ. ಉಳಿದದ್ದು ಅವನ ಮೇಲಿನ ಈ ಜಗಳವೊಂದೇ.

"ಬ್ಯಾಡ್ರಿ," ಎಂದೆ. "ನೀವು ಸುಮ್ಮನ ಕುಂತ್ರ ನನಗ ನಮ್ಮ ಮನಿ ಗುರ್ತಾ ಹತ್ತಾಂಗಿಲ್ಲ. ಈಗ ಹೇಳ್ರಿ, ಆ ಡಾಕ್ಟ್ರು ಯಾಕ ಕೊಂದ?"