ಮಹಾರುದ್ರಪ್ಪನವರ ಮೀನಿನ ನೀರು

ಕಡಲೆ ಹೂವಿಗೆ ಬಂದಿತ್ತು. ಚಳಿ ಇನ್ನೂ ಹೊಲ ಬಿಟ್ಟು ಎದ್ದಿರಲಿಲ್ಲ, ಅಷ್ಟರಲ್ಲೇ ದುಬಲಗುಂಡಿಯ ನಾಗನಾಥ ಬೆನ್ನಿಗೆ ಪಂಪು ಕಟ್ಟಿಕೊಂಡು ನಾಲ್ಕು ಸಾಲು ಮುಗಿಸಿದ್ದ. ರಾತ್ರಿಯೆಲ್ಲ ಬಕೇಟಿನಲ್ಲಿ ನೆನೆದ ಡಿಎಪಿ ಗೊಬ್ಬರದ ತಿಳಿಯನ್ನು ಲೀಟರಿನ ಬಾಟಲಿಯಲ್ಲಿ ಅಳೆದು ಪಂಪಿಗೆ ಸುರಿಯುವುದು, ನೀರು ಬೆರೆಸುವುದು, ಹೊಡೆಯುವುದು. ಇನ್ನು ಕಾಯಿ ಕಟ್ಟುವ ಹೊತ್ತಿಗೆ ಒಂದೇ ಒಂದು ನೀರು ಸಿಕ್ಕರೆ ಕಡಲೆ ಗೆದ್ದ ಹಾಗೆ. ಆ ಒಂದು ನೀರು ಪಕ್ಕದ ಹೊಲದ ಮಹಾರುದ್ರಪ್ಪನವರ ಬೋರಿನಲ್ಲಿತ್ತು. ಮಹಾರುದ್ರಪ್ಪನವರ ಮೀನು ನಾಗನಾಥನ ಮನೆಯಲ್ಲಿತ್ತು.

ಹದಿನೈದು ದಿನದ ಹಿಂದೆ ಅವರು ಹೆಂಡತಿಯೊಂದಿಗೆ ಕಾಶಿಗೆ ಹೊರಡುವಾಗ ಅದನ್ನು ಗಾಜಿನ ಪೆಟ್ಟಿಗೆ ಸಮೇತ ಟ್ರ್ಯಾಕ್ಟರಿನಲ್ಲಿ ಕಳಿಸಿದ್ದರು. ಅಂಗೈಯಗಲದ ಕೆಂಪು ಮೀನು. ಹಣೆಯ ಮೇಲೆ ನಿಂಬೆಹಣ್ಣಿನಷ್ಟು ಗಡ್ಡೆ. ಪಂಚಾಯ್ತಿ ಗೆದ್ದವನು ಹೊಸ ರುಮಾಲು ಸುತ್ತಿಕೊಂಡು ಊರು ನೋಡುತ್ತ ಕೂತಂತೆ ಕಾಣುತ್ತಿತ್ತು. ವಾಸ್ತುವಿನವನು ಹೇಳಿ ತರಿಸಿದ ಮೀನಂತೆ. ತಿರುಗಿ ಬಂದ ಮೇಲೆ ಬೋರಿನ ನೀರಿನ ಮಾತು ಮುಗಿಸೋಣ ಎಂದೂ ಹೇಳಿಹೋಗಿದ್ದರು.

ಊರಲ್ಲಿ ಇಷ್ಟು ಮನೆಗಳಿರುವಾಗ ತಮ್ಮ ಮನೆಗೇ ಯಾಕೆ ಕಳಿಸಿದರೆಂದು ನಾಗನಾಥನ ಹೆಂಡತಿ ಮಾಣಿಕಮ್ಮನಿಗೆ ಸಂಶಯವಿತ್ತು. ಈ ಗಂಡ ಹೆಂಡಿರ ಮನೆಯಲ್ಲಿ ಗಿಳಿ ನಿಂತಿರಲಿಲ್ಲ, ಕೋಳಿ ಉಳಿದಿರಲಿಲ್ಲ, ತುಳಸಿ ಕೂಡ ಎರಡು ಸಲ ಒಣಗಿತ್ತು. “ನಂಬಿಕಿ ಅಂತಾರ ಇದಕ್ಕ,” ಎಂದು ನಾಗನಾಥ ಗಂಡಸಿನ ಧ್ವನಿಯಲ್ಲಿ ಹೇಳಿದ್ದ.

ಇವತ್ತು ಸಂಜೆ ಮಹಾರುದ್ರಪ್ಪನವರು ಬರುವವರಿದ್ದರು. ಇವತ್ತೇ ಮುಂಜಾನೆ ಮಾಣಿಕಮ್ಮ ಬದುವಿನ ಮೇಲೆ ನಿಂತು ಕೂಗಿದಳು. “ಏನ್ರಿ, ಮೀನು ತಳಕ್ಕ ಕೂತದ. ಕಾಳು ಹಾಕಿದ್ರ ಮಾರಿ ತಿರುವತದ.”

ನಾಗನಾಥ ಪಂಪು ಇಳಿಸಿ ಓಡಿದ. ಮೀನು ಹೊಟ್ಟೆಯನ್ನು ತಳದ ಹರಳುಕಲ್ಲುಗಳ ಮೇಲೆ ಊರಿಕೊಂಡು, ಮದುವೆ ಊಟ ಮುಗಿಸಿ ಚಪ್ಪರದಲ್ಲಿ ಒರಗಿದ ಬೀಗರಂತೆ ಬಾಯಿ ತೆರೆದು ಮುಚ್ಚುತ್ತಿತ್ತು.

ಅವನ ಹಿಂದೆಯೇ ಓಣಿ ಬಂತು. ಈ ಹದಿನೈದು ದಿನವೂ ಓಣಿ ಬರುತ್ತಲೇ ಇತ್ತು. ಕೂಸು ನೋಡಲು ಹೋದವರು ಬರಿಗೈಯಲ್ಲಿ ಹೋಗದ ಊರು ಅದು; ಮೀನು ನೋಡಲು ಬಂದವರೂ ಹಾಗೆಯೇ, ಒಬ್ಬರು ಚುರುಮುರಿ, ಒಬ್ಬರು ರೊಟ್ಟಿಯ ತುಣುಕು ಹಾಕಿ ಹೋಗುತ್ತಿದ್ದರು. ಪಕ್ಕದ ಮನೆಯ ಶಕುಂತಲಾಬಾಯಿ ಅಂತೂ ಹುಣ್ಣಿಮೆಯ ದಿನ ಹೋಳಿಗೆಯ ಹೂರಣ ಹಾಕಿದ್ದಳು. ಇವತ್ತೂ ಅವಳ ಮುಷ್ಟಿಯಲ್ಲಿ ಏನೋ ಇತ್ತು. “ನೀರು ಕೆಟ್ಟದ,” ಎಂದು ಅವಳೇ ಮೊದಲು ತೀರ್ಪು ಕೊಟ್ಟಳು.

ಶಾಲೆಯಲ್ಲಿ ವಿಜ್ಞಾನ ಹೇಳುವ ಅನುರಾಧಾ ಟೀಚರು ನೀರು ಪರೀಕ್ಷಿಸುವ ಕಾಗದದ ಪಟ್ಟಿ ತಂದರು. ಒಂದನ್ನು ನೇರ ಪೆಟ್ಟಿಗೆಯಲ್ಲಿ ಅದ್ದಿ, ಡಬ್ಬಿಯ ಮೇಲಿನ ಬಣ್ಣಗಳಿಗೆ ಹಿಡಿದು, ಸೀರೆ ಆರಿಸುವವರ ಹಾಗೆ ಬೆಳಕಿಗೆ ತಿರುಗಿಸಿ ನೋಡಿದರು. “ನಾಗನಾಥಣ್ಣಾ, ನೀರು ಬಂಗಾರದಂಗ ಅದ. ಸುಮ್ಮ ಹೆದರಬ್ಯಾಡ್ರಿ.”

ಕುಡಿಯುವ ನೀರಿನ ಘಟಕ ನಡೆಸುವ ಗೌಸ ಇದನ್ನು ಕೇಳಿ ನಕ್ಕ. ಎರಡು ರೂಪಾಯಿಯ ಕಾಗದಕ್ಕೆ ಏನು ತಿಳಿಯುತ್ತದೆ ಎಂದು ಜೇಬಿನಿಂದ ಪೆನ್ನಿನಂಥ ಮೀಟರು ತೆಗೆದು ನೀರಲ್ಲಿ ಇಳಿಸಿದ. ಏಳುನೂರ ನಲವತ್ತು ತೋರಿಸಿತು. ಇದು ನೀರಲ್ಲ, ವಿಷ ಎಂದ. ಮಾಣಿಕಮ್ಮ ತಮ್ಮ ಕುಡಿಯುವ ನೀರಿನ ಕೊಡ ತಂದು ಮುಂದಿಟ್ಟಳು. ಅದರಲ್ಲಿ ಒಂಬೈನೂರ ಹತ್ತು ಬಂತು. ಗೌಸ ಮೀಟರನ್ನು ಒರೆಸಿ ಜೇಬಿಗೆ ಹಾಕಿಕೊಂಡು, ಬ್ಯಾಟರಿ ಶೆಲ್ಲು ವೀಕಾಗಿರಬೇಕು ಎಂದು ಹೊರಟುಹೋದ.

ಕಾಗದ ಒಂದು ಹೇಳುತ್ತದೆ, ಮೀಟರು ಒಂದು ಹೇಳುತ್ತದೆ, ಮೀನು ಏನೂ ಹೇಳುವುದಿಲ್ಲ. ಹುಮನಾಬಾದಿನ ಔಷಧ ಕಾರ್ಖಾನೆಯ ಲ್ಯಾಬಿನಲ್ಲಿ ಅಕ್ಕನ ಮಗ ಸಂಜೀವಕುಮಾರ ಇದ್ದಾನಲ್ಲ ಎಂದು ನಾಗನಾಥನಿಗೆ ಹೊಳೆಯಿತು. ಕೈಗೆ ಸಿಕ್ಕ ಬಾಟಲಿಯಲ್ಲಿ ಪೆಟ್ಟಿಗೆಯ ನೀರು ತುಂಬಿ, ಗದ್ದಲ ಮಾಡುವವರನ್ನೆಲ್ಲ ಹೊರಗೆ ಕಳಿಸಿ, ಬಾಗಿಲಿಗೆ ಬೀಗ ಹಾಕಿದ. ಉಳಿದ ಸಾಲುಗಳಿಗೆ ಗೊಬ್ಬರ ಹೊಡೆಯುವಂತೆ ಹೆಂಡತಿಗೆ ಹೇಳಿ, ಕೀಲಿ ಕಿಸೆಯಲ್ಲಿಟ್ಟುಕೊಂಡು ಬಸ್ಸು ಹತ್ತಿದ.

ಕಾರ್ಖಾನೆಯ ಗೇಟಿನ ಮುಂದೆ ಎರಡು ತಾಸು ಕೂತ. ಊಟದ ಬಿಡುವಿನಲ್ಲಿ ನೀರು ಒಳಗೆ ಒಯ್ದ ಸಂಜೀವಕುಮಾರ, ಚೀಟಿ ಹಿಡಿದು ಹೊರಗೆ ಬರುವಾಗ ದನಿ ತಗ್ಗಿಸಿದ್ದ.

“ಮಾವ, ಮೀನು ತೀರಿಕೊಂಡು ಎಷ್ಟು ದಿನ ಆಯ್ತ್ರಿ?”

“ಮುಂಜಾನಿ ನನ್ನೇ ನೋಡಾಕತ್ತಿತ್ತಲ್ಲಪಾ.”

“ಆಗಂಗಿಲ್ರಿ. ಅಮೋನಿಯಾ ನಲವತ್ತೊಂದು ಪಾಯಿಂಟ್ ಏಳು ಮೂರು ಅದ. ಒಂದು ದಾಟಿದ್ರೇ ಮೀನಿಗೆ ಕಷ್ಟ. ನಮ್ಮ ಮಷೀನು ಸುಳ್ಳು ಹೇಳಂಗಿಲ್ಲ, ಮೂರು ಸಲ ಹಾಕಿ ನೋಡೀನಿ.”

ಆ ಕೊನೆಯ ಏಳು ಮೂರು ನಾಗನಾಥನ ಎದೆಗೆ ನಾಟಿತು. ಬರೀ ನಲವತ್ತೊಂದು ಎಂದಿದ್ದರೆ ಅಂದಾಜು ಎನ್ನಬಹುದಿತ್ತು. ಪಾಯಿಂಟಿನ ಆಚೆಗೂ ಅಳೆದ ಮೇಲೆ ಸಾವು ಖಚಿತ.

ಇನ್ನೊಬ್ಬರನ್ನು ಕೇಳದೆ ಮನಸ್ಸು ಒಪ್ಪಲಿಲ್ಲ. ಬಸವಕಲ್ಯಾಣದ ಬಸ್ಸು ಹತ್ತಿ, ಸಾಕುವ ಮೀನಿನ ಅಂಗಡಿಯ ಯುನೂಸನ ಮುಂದೆ ಉಳಿದ ನೀರು ಇಟ್ಟ. ಯುನೂಸ ಸಣ್ಣ ಗಾಜಿನ ನಳಿಗೆಯಲ್ಲಿ ನೀರು ಹಾಕಿ, ಎರಡು ಶೀಶೆಗಳಿಂದ ಎಂಟೆಂಟು ಹನಿ ಬಿಟ್ಟು ಕುಲುಕಿದ. ನೀರು ಹಳದಿಯಾಯಿತು, ಹಸಿರಾಯಿತು, ಆಮೇಲೆ ಕಾರ್ಡಿನಲ್ಲಿದ್ದ ಕೊನೆಯ ಹಸಿರನ್ನೂ ದಾಟಿ ಕಡಲೆ ಗಿಡದ ಬಣ್ಣಕ್ಕೆ ಹೋಯಿತು. ಯುನೂಸ ಕಾರ್ಡನ್ನು ತಿರುಗಿಸಿ ಹಿಂದೆ ಇನ್ನೇನಾದರೂ ಬಣ್ಣ ಇದೆಯೇ ಎಂದು ನೋಡಿದ.

“ನಾಗನಾಥಭಾಯ್, ಹದಿನಾರು ವರ್ಷದಿಂದ ಅಂಗಡಿ ನಡಸಾಕತ್ತೀನಿ. ಈ ರಂಗು ನೋಡಿದ್ದಿಲ್ಲ.”

ಟೀಚರ ಕಾಗದದ ಪಟ್ಟಿಯ ಮಾತು ಎತ್ತಿದಾಗ, ಅದರಲ್ಲಿ ಅಮೋನಿಯಾ ಅಳೆಯುವ ಚೌಕವೇ ಇರುವುದಿಲ್ಲ, ಹನಿಯೇ ನಂಬಿಕಸ್ಥ ಎಂದ. ಗೌಸನ ಮೀಟರಿಗೆ ಉಪ್ಪು ಬಿಟ್ಟರೆ ಬೇರೆ ಏನೂ ಗೊತ್ತಾಗುವುದಿಲ್ಲ ಎಂದೂ ಸೇರಿಸಿದ. ನೀಲಿ ಔಷಧದ ದೊಡ್ಡ ಶೀಶೆ ಕೊಟ್ಟ. ಉಳಿಯುತ್ತದೆಯೇ ಎಂದು ನಾಗನಾಥ ಕೇಳಿದ. ಇವತ್ತು ಉಳಿದರೆ ಈ ಜಾತಿಯದಕ್ಕೆ ಸಾವಿಲ್ಲ, ನೀರು ಚೆನ್ನಾಗಿದ್ದರೆ ಹನ್ನೆರಡು ವರ್ಷ ಬದುಕುತ್ತದೆ ಎಂದು ಯುನೂಸ ಧೈರ್ಯ ತುಂಬಿದ. ಹನ್ನೆರಡು ವರ್ಷ ಎಂಬ ಮಾತು ನಾಗನಾಥನಿಗೆ ಮಂತ್ರದಂತೆ ಕೇಳಿಸಿತು. ದಾರಿಯುದ್ದಕ್ಕೂ ಅದನ್ನೇ ಜಪಿಸುತ್ತ ಬಂದ.

ಹೊತ್ತು ಇಳಿಯುವಾಗ ಬೀಗ ತೆಗೆದು, ಒಂದು ಕಣ್ಣು ಮುಚ್ಚಿಕೊಂಡು ಪೆಟ್ಟಿಗೆ ನೋಡಿದ. ಮೀನು ಮೇಲೆ ಬಂದು, ಊಟಕ್ಕೆ ತಡವಾದ ಅಳಿಯನಂತೆ ಗಾಜಿಗೆ ಹಣೆ ಕುಟ್ಟುತ್ತಿತ್ತು. ಇಡೀ ದಿನ ಯಾರೂ ಏನೂ ತಿನ್ನಿಸದೆ ಇದ್ದುದರಿಂದ ಅದರ ಹೊಟ್ಟೆ ಹಗುರಾಗಿ ಹಸಿವು ಮರಳಿತ್ತು.

ಅಷ್ಟರಲ್ಲಿ ಹೊಲದಿಂದ ಮಾಣಿಕಮ್ಮ ಸಿಟ್ಟಿನಲ್ಲಿ ಬಂದಳು. “ಗೊಬ್ಬರ ಅಳಿಯೋ ಬಾಟ್ಲಿ ಎಲ್ಲಿ ಒಯ್ದಿದ್ರಿ? ಹುಡುಕಿ ಹುಡುಕಿ ಸಾಕಾತು. ಒಂದು ಸಾಲೂ ಹೊಡದಿಲ್ಲ.”

ನಾಗನಾಥ ಕೈಯಲ್ಲಿದ್ದ ಬಾಟಲಿ ನೋಡಿದ. ಮುಂಜಾನೆ ಓಡಿ ಬಂದಾಗ ಹೊಲದಿಂದಲೇ ಕೈಯಲ್ಲಿ ಬಂದದ್ದು. ತಳದಲ್ಲಿ ಡಿಎಪಿಯ ಬಿಳಿ ಗಸಿ ಇನ್ನೂ ಅಂಟಿತ್ತು. ಲಕ್ಷದ ಮಷೀನು ಅಳೆದದ್ದು ಗೊಬ್ಬರದ ಅಮೋನಿಯಾವನ್ನು, ಯುನೂಸನ ಹನಿ ಹಸಿರಾದದ್ದೂ ಅದಕ್ಕೇ. ನಿಜ ಹೇಳಿದ್ದು, ನೇರ ಪೆಟ್ಟಿಗೆಯಲ್ಲೇ ಅದ್ದಿದ್ದ ಎರಡು ರೂಪಾಯಿಯ ಕಾಗದ ಒಂದೇ. ನಾಗನಾಥ ಗೋಡೆಗೆ ಒರಗಿ ನಗತೊಡಗಿದ. ಮಾಣಿಕಮ್ಮನಿಗೂ ನಗು ಬಂತು. ಮೀನು ಗಟ್ಟಿಮುಟ್ಟಾಗಿತ್ತು, ಕಡಲೆಗೆ ನೀರು ಬಂದ ಹಾಗೆಯೇ ಆಗಿತ್ತು.

ಬಾಗಿಲಲ್ಲಿ ಜೀಪು ನಿಂತಿತು. ಮಹಾರುದ್ರಪ್ಪನವರು ಹೆಗಲ ಶಲ್ಯವನ್ನು ಕೈಗೆ ತೆಗೆದುಕೊಂಡು, ಸಾವಿನ ಮನೆಗೆ ಮಾತಾಡಿಸಲು ಬಂದವರ ಮುಖ ಮಾಡಿಕೊಂಡು ಒಳಗೆ ಬಂದರು.

“ಹೋಯ್ತೇನು, ನಾಗನಾಥ?”

“ಎಲ್ಲಿ ಹೋಗ್ತದ್ರಿ, ಗೌಡ್ರ? ನೋಡ್ರಿ, ಹ್ಯಾಂಗ ಕುಣಿಯಾಕತ್ತದ.”

ಅವರು ನೋಡಿದರು. ಶಲ್ಯ ಮತ್ತೆ ಹೆಗಲಿಗೆ ಹೋಯಿತು. ಮುಖ ಮಾತ್ರ ಮೊದಲಿನ ಜಾಗಕ್ಕೆ ಬರಲಿಲ್ಲ. ಚಾಪೆಯ ಮೇಲೆ ಕೂತು ನಿಧಾನವಾಗಿ ಬಿಡಿಸಿ ಹೇಳಿದರು. ಬೋರು ಇರುವ ಜಾಗದ ಮೇಲೆ ತಮ್ಮನೊಂದಿಗೆ ಕೇಸು ನಡೆದಿದೆ. ಅದು ಮುಗಿಯುವ ತನಕ ಯಾರಿಗೂ ನೀರು ಬಿಡಬೇಡಿ ಎಂದು ವಕೀಲ ಹೇಳಿದ್ದಾನೆ. ಮನೆಯ ಪೀಡೆಯನ್ನೆಲ್ಲ ಮೀನು ತನ್ನ ಮೇಲೆ ಎಳೆದುಕೊಳ್ಳುತ್ತದೆ, ಅದು ತಾನಾಗಿ ಸತ್ತ ದಿನವೇ ಕೇಸು ಮುಗಿಯುತ್ತದೆ ಎಂದು ವಾಸ್ತುವಿನವನು ಹೇಳಿದ್ದಾನೆ. ಕೈಯಾರೆ ಕೊಂದರೆ ಪಾಪ.

“ಅದಕ್ಕೇ ನಿನ್ನ ಮನೀಗಿ ಕಳಿಸಿದ್ದೆ,” ಎಂದು ನಿಟ್ಟುಸಿರು ಬಿಟ್ಟರು. “ಊರಾಗ ಒಂದು ಕೋಳಿ ಉಳಿಲಾರದ ಮನಿ ನಿಂದೊಂದೇ ನೋಡು.”

ಮಾಣಿಕಮ್ಮ ಗಂಡನ ಕಡೆ ನೋಡಿದಳು. ನಂಬಿಕೆ ಎಂದಿದ್ದ ಗಂಡ ಮೀನಿನ ಕಡೆ ನೋಡಿದ.

ಇನ್ನೂ ಸ್ವಲ್ಪ ದಿನ ಇಲ್ಲೇ ಇರಲಿ, ಕೇಸು ಮುಗಿದ ಮರುದಿನವೇ ನಿನಗೆ ನೀರು ಎಂದು ಹೇಳಿ ಗೌಡರು ಎದ್ದರು. ಕಿಸೆಯಿಂದ ಕಾಶಿಯ ಪೇಡೆ ತೆಗೆದು ಮಾಣಿಕಮ್ಮನ ಕೈಗೆ ಕೊಟ್ಟರು. ಉಳಿದ ಒಂದನ್ನು, ನೋಡಲು ಬಂದವರು ಬರಿಗೈಯಲ್ಲಿ ಹೋಗಬಾರದೆಂದೋ ಏನೋ, ಇಡಿಯಾಗಿ ಪೆಟ್ಟಿಗೆಯೊಳಗೆ ಹಾಕಿದರು. ಮೀನು ಒಂದೇ ಸಲಕ್ಕೆ ನುಂಗಿ ಮತ್ತೆ ಬಾಯಿ ತೆರೆಯಿತು.

“ಎಷ್ಟು ದಿನ ಬದುಕ್ತದಂತ ಇದು?”

“ನೀರು ಚಲೋ ಇದ್ರ ಹನ್ನೆರಡು ವರ್ಷ ಅಂತ್ರಿ,” ಎಂದ ನಾಗನಾಥ.

ಮಹಾರುದ್ರಪ್ಪನವರು ಹೊಸ್ತಿಲಲ್ಲಿ ತಿರುಗಿ ನಿಂತರು. ಅವರ ದನಿಯಲ್ಲಿ ಇನ್ನೂ ಒಂದಿಷ್ಟು ಆಸೆ ಉಳಿದಿತ್ತು.

“ನೀರು ಹ್ಯಾಂಗ ಅದ?”

ನಾಗನಾಥ ಗೊಬ್ಬರದ ಬಾಟಲಿಯನ್ನು ಬೆನ್ನ ಹಿಂದೆ ಹಿಡಿದುಕೊಂಡು ತಲೆ ತಗ್ಗಿಸಿದ.

“ಬಂಗಾರದಂಗ ಅದ್ರಿ.”